ನಿಲ್ಲಿಸಿದ ಗಾಡಿ ಮತ್ತೆ ಓಡಿಸಿದರೆ ಏನಾಗುತ್ತದೆ? ಲಾರಿ, ಬಸ್, ಟೆಂಪೊ ಡ್ರೈವರುಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನೆಂಟು ವರ್ಷ ಲಾರಿ ಓಡಿಸಿದವನು ನಾನು. ಈಗ ಹೊಸ ಡ್ರೈವರುಗಳಿಗೆ ಗಾಡಿ ಕಲಿಸುತ್ತೇನೆ. ಫೋನಿನಲ್ಲಿ, ಡಾಬಾದಲ್ಲಿ, ಆಗಾಗ ಕಾಗದದಲ್ಲಿ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೇಳಿದವರ ಮಾತಿನಲ್ಲೇ ಬರೆದುಕೊಂಡಿದ್ದೇನೆ.

ಮೊದಲೇ ಒಂದು ಮಾತು. ಇಲ್ಲಿರುವ ದಂಡದ ಲೆಕ್ಕವೆಲ್ಲ 1988ರ ಮೋಟಾರು ವಾಹನ ಕಾಯ್ದೆಯದು. ಅದಕ್ಕೆ ಆದ ತಿದ್ದುಪಡಿ 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು, ಆ ಮೊತ್ತಗಳನ್ನೇ ಕೊಟ್ಟಿದ್ದೇನೆ. ಕೋರ್ಟಿಗೆ ಹೋಗದೆ ಸ್ಥಳದಲ್ಲೇ ಕಟ್ಟಿ ಮುಗಿಸುವ ಮೊತ್ತವನ್ನು ಆಯಾ ರಾಜ್ಯ ಸರ್ಕಾರ ಗೊತ್ತುಮಾಡುತ್ತದೆ. ಕರ್ನಾಟಕ ಅದೇ ಸೆಪ್ಟೆಂಬರಿನಲ್ಲಿ ಕೆಲವು ತಪ್ಪುಗಳಿಗೆ ಅದನ್ನು ಇಳಿಸಿತು. ಹಾಗಾಗಿ ನಿಮ್ಮ ಚಲನ್‌ನಲ್ಲಿ ಬೇರೆ ಮೊತ್ತ ಕಂಡರೆ ಗಾಬರಿ ಬೇಡ.

## ಮೊದಲು ತಿಳಿದಿರಬೇಕಾದದ್ದು

"ಸರ್, 'ಗಾಡಿ ಇಲ್ಲೇ ಹಾಕು' ಅಂತ ಬಾಯಲ್ಲಿ ಹೇಳಿದ್ರೆ ಅದು ಆದೇಶ ಆಗುತ್ತಾ? ಪೇಪರ್ ಇಲ್ಲದಿದ್ರೆ ಹೊರಡಬಹುದಲ್ವಾ?"

ಹೊರಡಬೇಡಿ. ಅಧಿಕಾರ ಇರುವವರು ಕಾನೂನು ಪ್ರಕಾರ ಹೇಳಿದ ಮಾತನ್ನು ಬೇಕಂತಲೇ ಮೀರಿದರೆ ಸೆಕ್ಷನ್ 179ರಲ್ಲಿ 2,000 ರೂಪಾಯಿವರೆಗೆ ದಂಡ ಇದೆ. ಬಾಯಿ ಮಾತಿಗೂ ಇದು ಅನ್ವಯಿಸುತ್ತದೆ.

ಆದರೆ ದೊಡ್ಡ ಶಿಕ್ಷೆ ಇರುವ ಆದೇಶಗಳು ಬೇರೆ. ಮುಖ್ಯವಾದವು ಐದು ಥರ. ಓವರ್‌ಲೋಡ್ ಇಳಿಸುವ ತನಕ ಜಾಗ ಬಿಡಬೇಡ ಅನ್ನುವುದು ಸೆಕ್ಷನ್ 114. ಗಾಡಿಯ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಪತ್ರ) ರದ್ದು ಮಾಡುವುದು ಸೆಕ್ಷನ್ 56. ಗಾಡಿ ರಸ್ತೆಗೆ ಬಂದರೆ ಜನಕ್ಕೆ ಅಪಾಯ ಅಂತ ಆರ್‌ಸಿ (ನೋಂದಣಿ ಪತ್ರ) ಅಮಾನತು ಮಾಡುವುದು ಸೆಕ್ಷನ್ 53. ಗಾಡಿಯನ್ನೇ ಹಿಡಿದಿಡುವುದು ಸೆಕ್ಷನ್ 207. ಈ ರಸ್ತೆಯಲ್ಲಿ ಈ ಗಾತ್ರದ ಗಾಡಿ ಬೇಡ ಅನ್ನುವುದು ಸೆಕ್ಷನ್ 115. ಇವುಗಳಲ್ಲಿ ಲೋಡ್ ಇಳಿಸುವ ಆದೇಶ ಬರಹದಲ್ಲೇ ಇರಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಹಾಗಾಗಿ ಜಗಳ ಮಾಡದೆ, "ಸರ್, ಬರೆದು ಕೊಡಿ" ಅಂತ ಕೇಳಿ. ಹಾಗೆ ಕೇಳುವುದು ತಪ್ಪಲ್ಲ. ಆ ಚೀಟಿ ಸಾರಿಗೆ ಇಲಾಖೆಗಿಂತ ಜಾಸ್ತಿ ನಿಮಗೇ ಬೇಕಾಗುತ್ತದೆ. ಯಾಕೆ ಅನ್ನುವುದು ಓನರ್ ಕುರಿತ ಪ್ರಶ್ನೆಯಲ್ಲಿ ಬರುತ್ತದೆ.

"ಎಫ್‌ಸಿ ಮುಗಿದು ಎರಡೇ ದಿನ ಆಗಿದೆ. ಒಂದು ಟ್ರಿಪ್ ಮುಗಿಸಿ ಮಾಡಿಸ್ತೀನಿ ಅಂದ್ರೆ ಬಿಡಲ್ವಾ?"

ಎರಡು ದಿನವೂ ಒಂದೇ, ಎರಡು ವರ್ಷವೂ ಒಂದೇ. ಬಾಡಿಗೆ ಗಾಡಿಗೆ ಎಫ್‌ಸಿ ಇಲ್ಲ ಅಂದರೆ ಅದರ ನೋಂದಣಿಯೇ ಊರ್ಜಿತ ಅಲ್ಲ ಅಂತ ಕಾಯ್ದೆ ನೋಡುತ್ತದೆ. ಅಂದರೆ ನೋಂದಣಿಯೇ ಇಲ್ಲದ ಗಾಡಿ ಓಡಿಸಿದ ಹಾಗೇ ಲೆಕ್ಕ. ಸೆಕ್ಷನ್ 192ರ ಪ್ರಕಾರ ಮೊದಲ ಸಲ 2,000ದಿಂದ 5,000 ರೂಪಾಯಿ ದಂಡ. ಮತ್ತೆ ಸಿಕ್ಕಿಬಿದ್ದರೆ 5,000ದಿಂದ 10,000 ರೂಪಾಯಿ ದಂಡ, ಅಥವಾ ಒಂದು ವರ್ಷದವರೆಗೆ ಜೈಲು, ಅಥವಾ ಎರಡೂ.

ಎಂಟು ವರ್ಷದೊಳಗಿನ ಗಾಡಿಗೆ ಎಫ್‌ಸಿ ಎರಡೆರಡು ವರ್ಷಕ್ಕೆ, ಆಮೇಲೆ ವರ್ಷ ವರ್ಷ. ಹಳೇ ಗಾಡಿಯಲ್ಲಿ ಈ ತಾರೀಕು ಬೇಗ ಮರೆತುಹೋಗುತ್ತದೆ.

ಒಂದು ವಿನಾಯಿತಿ ಇದೆ. ಕಾಯಿಲೆಯವರನ್ನು, ಗಾಯಾಳುಗಳನ್ನು ಸಾಗಿಸಲು, ಇಲ್ಲವೇ ಸಂಕಟದಲ್ಲಿರುವ ಜನಕ್ಕೆ ಆಹಾರ, ಔಷಧಿ ಒಯ್ಯಲು ತುರ್ತಾಗಿ ಗಾಡಿ ತೆಗೆದರೆ ಸೆಕ್ಷನ್ 192 ಬರುವುದಿಲ್ಲ. ಆದರೆ ಏಳು ದಿನದೊಳಗೆ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು.

"ಎಫ್‌ಸಿ ಮುಗಿಯೋದಕ್ಕೂ ರದ್ದಾಗೋದಕ್ಕೂ ಏನು ವ್ಯತ್ಯಾಸ?"

ಬಹಳ ವ್ಯತ್ಯಾಸ ಇದೆ. ಮುಗಿಯುವುದು ಮರೆವಿನಿಂದ ಆಗಬಹುದು. ರದ್ದಾಯಿತು ಅಂದರೆ ಒಬ್ಬ ಅಧಿಕಾರಿ ಗಾಡಿ ನೋಡಿ, ಇದು ಓಡಲು ಯೋಗ್ಯ ಅಲ್ಲ ಅಂತ ಕಾರಣ ಬರೆದಿದ್ದಾರೆ ಅಂತ ಅರ್ಥ. ಎಫ್‌ಸಿ ರದ್ದಾದ ಕ್ಷಣದಿಂದ ಆರ್‌ಸಿ, ಪರ್ಮಿಟ್ ಎರಡೂ ತಾವಾಗೇ ಅಮಾನತು. ಹೊಸ ಎಫ್‌ಸಿ ಸಿಗುವವರೆಗೂ ಹಾಗೇ.

ಆಮೇಲೂ ಓಡಿಸಿದರೆ ನೋಂದಣಿ ಇಲ್ಲದ ಕೇಸಿನ ಜೊತೆಗೆ ಪರ್ಮಿಟ್ ಇಲ್ಲದ ಕೇಸೂ ಬೀಳಬಹುದು. ಅದು ಸೆಕ್ಷನ್ 192ಎ. ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು ಮತ್ತು 10,000 ರೂಪಾಯಿ ದಂಡ. "ಅಥವಾ" ಅಲ್ಲ, "ಮತ್ತು". ಡ್ರೈವರುಗಳಿಗೆ ನಾನು ಇದನ್ನು ಎರಡೆರಡು ಸಲ ಹೇಳುತ್ತೇನೆ.

"ಬ್ರೇಕ್ ಸರಿಯಿಲ್ಲ ಅಂತ ನನಗೆ ಗೊತ್ತೇ ಇರಲಿಲ್ಲ. ಆಗಲೂ ನನ್ನದೇ ತಪ್ಪಾ?"

ಸೆಕ್ಷನ್ 190ರಲ್ಲಿ ಬರೆದಿರುವುದನ್ನು ಸರಳವಾಗಿ ಹೇಳುತ್ತೇನೆ. ಗಾಡಿಯಲ್ಲಿ ಅಪಾಯದ ದೋಷ ಇದೆ ಅಂತ ಗೊತ್ತಿದ್ದೂ ಓಡಿಸಿದರೆ ತಪ್ಪು. ಸಾಮಾನ್ಯ ಎಚ್ಚರಿಕೆ ಇಟ್ಟಿದ್ದರೆ ಗೊತ್ತಾಗುತ್ತಿತ್ತು ಅನ್ನುವ ದೋಷವಾದರೂ ತಪ್ಪೇ. ದಂಡ 1,500 ರೂಪಾಯಿವರೆಗೆ. ಆ ದೋಷದಿಂದ ಅಪಘಾತವಾಗಿ ಯಾರಿಗಾದರೂ ಪೆಟ್ಟಾದರೆ, ಆಸ್ತಿ ಹಾಳಾದರೆ, ಮೂರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿ ದಂಡ, ಅಥವಾ ಎರಡೂ. ಮತ್ತೊಮ್ಮೆ ಆದರೆ ಆರು ತಿಂಗಳು, 10,000 ರೂಪಾಯಿ.

ಹಾಗಾದರೆ ಸಾಮಾನ್ಯ ಎಚ್ಚರಿಕೆ ಅಂದರೆ ಏನು? ನಾನು ಹುಡುಗರಿಗೆ ಹೇಳಿಕೊಡುವುದು ಹೀಗೆ. ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡಿ ಬ್ರೇಕಿನ ಟ್ಯಾಂಕಿಗೆ ಗಾಳಿ ತುಂಬಲು ಬಿಡಿ. ಮೀಟರ್ ಮೇಲೆ ಬಂದ ಮೇಲೆ ಎಂಜಿನ್ ಆಫ್ ಮಾಡಿ. ಬ್ರೇಕ್ ಪೆಡಲ್ ಪೂರ್ತಿ ಒತ್ತಿ ಹಿಡಿಯಲು ಕ್ಲೀನರ್‌ಗೆ ಹೇಳಿ. ನೀವು ಕೆಳಗಿಳಿದು ಒಂದೊಂದು ಚಕ್ರದ ಹತ್ತಿರ ಕೂತು ಕಿವಿ ಕೊಡಿ. "ಸುಯ್" ಅಂತ ಸದ್ದು ಬಂದರೆ ಅಲ್ಲಿ ಗಾಳಿ ಸೋರುತ್ತಿದೆ. ಮೇಲೆ ಮೀಟರಿನ ಮುಳ್ಳು ಇಳಿಯುತ್ತಿದೆಯಾ ಅಂತ ಕ್ಲೀನರ್ ನೋಡುತ್ತಿರಲಿ. ಇಷ್ಟಕ್ಕೆ ಐದು ನಿಮಿಷ ಸಾಕು. ಸುತ್ತ ಗದ್ದಲ ಇರುವ ಸ್ಟ್ಯಾಂಡಿನಲ್ಲಿ ಮಾಡಿದರೆ ಏನೂ ಕೇಳಿಸಲ್ಲ, ಊರಾಚೆ ಮಾಡಿ. ಟೈರಿನ ಗುಂಡಿ, ಅಂದರೆ ಅದರ ಮೈಮೇಲಿನ ಗೀರುಗಳ ಆಳ, 1.6 ಮಿಲಿಮೀಟರಿಗಿಂತ ಕಮ್ಮಿ ಇರಬಾರದು. ಗುಂಡಿಯ ತಳದಲ್ಲಿ ಅಡ್ಡಡ್ಡ ಸಣ್ಣ ರಬ್ಬರ್ ದಿಂಡುಗಳಿರುತ್ತವೆ. ಟೈರ್ ಸವೆದು ಅವುಗಳ ಮಟ್ಟಕ್ಕೆ ಬಂತು ಅಂದರೆ ಟೈರಿನ ಕತೆ ಮುಗಿದ ಹಾಗೆ.

ಇಷ್ಟು ನೋಡಿ ಹೊರಟವನಿಗೆ "ನನಗೆ ಗೊತ್ತಿರಲಿಲ್ಲ" ಅನ್ನುವ ಹಕ್ಕು ಇದೆ. ನೋಡದೆ ಹೊರಟವನಿಗೆ ಇಲ್ಲ.

"ನನ್ನ ಹತ್ರ ಎಲ್‌ಎಂವಿ ಡಿಎಲ್ ಮಾತ್ರ ಇದೆ. ಸಣ್ಣ ಗೂಡ್ಸ್ ಗಾಡಿ ಓಡಿಸಿದ್ರೆ ಕೇಸಾ?"

ಎಲ್‌ಎಂವಿ ಡಿಎಲ್ ಅಂದರೆ ಹಗುರ ವಾಹನದ ಡ್ರೈವಿಂಗ್ ಲೈಸೆನ್ಸ್. ಒಟ್ಟು ತೂಕ 7,500 ಕೆಜಿ ಒಳಗಿನ ಗಾಡಿಯಾದರೆ ಕೇಸಿಲ್ಲ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಸ್ಪಷ್ಟ ಮಾಡಿದೆ. ಗ್ಯಾಸ್, ಪೆಟ್ರೋಲ್ ಥರದ ಅಪಾಯದ ಸರಕಿಗೆ ಮಾತ್ರ ಬೇರೆ ನಿಯಮ.

## ತೂಕ, ಕಾಟಾ, ಲೋಡ್

"ಓವರ್‌ಲೋಡಿಗೆ ನಿಜವಾಗ್ಲೂ ಎಷ್ಟು ದಂಡ? ಒಬ್ಬೊಬ್ರು ಒಂದೊಂದು ಹೇಳ್ತಾರೆ."

20,000 ರೂಪಾಯಿ, ಅದರ ಮೇಲೆ ಜಾಸ್ತಿ ಇರುವ ಪ್ರತಿ ಟನ್ನಿಗೆ 2,000 ರೂಪಾಯಿ. ಲೋಡ್ ಇಳಿಸುವ ಖರ್ಚು ಬೇರೆ. ಸೆಕ್ಷನ್ 194.

ಒಂದು ಲೆಕ್ಕ ಹಾಕೋಣ. ಮೂರು ಆಕ್ಸಲ್ (ಚಕ್ರದ ಅಚ್ಚು) ಲಾರಿ, ಆರ್‌ಸಿಯಲ್ಲಿ ಗಾಡಿಯೂ ಸರಕೂ ಸೇರಿ 28.5 ಟನ್. ಕಾಟಾ ಚೀಟಿಯಲ್ಲಿ, ಅಂದರೆ ಗಾಡಿ ತೂಗುವ ಕಡೆ ಕೊಟ್ಟ ಚೀಟಿಯಲ್ಲಿ, 33.5 ಟನ್ ಬಂತು. ಐದು ಟನ್ ಜಾಸ್ತಿ. 20,000ಕ್ಕೆ 10,000 ಸೇರಿಸಿ 30,000 ರೂಪಾಯಿ. ಆ ಐದು ಟನ್ನಿಂದ ಬಂದ ಹೆಚ್ಚಿನ ಬಾಡಿಗೆ ಎಷ್ಟು, ನೀವೇ ಹೇಳಿ.

2018ರಲ್ಲಿ ಕೇಂದ್ರ ಸರ್ಕಾರ ತೂಕದ ಮಿತಿ ಏರಿಸಿತು. ಮೂರು ಆಕ್ಸಲ್‌ಗೆ 25ರಿಂದ 28.5 ಟನ್, ಐದು ಆಕ್ಸಲ್‌ಗೆ 37ರಿಂದ 43.5 ಟನ್. ಹಾಗಂತ ಎಲ್ಲ ಹಳೇ ಗಾಡಿಗೂ ಅಷ್ಟು ಹಾಕಬಹುದು ಅಂದುಕೊಳ್ಳಬೇಡಿ. ನಿಮ್ಮ ಆರ್‌ಸಿಯಲ್ಲಿ ಎಷ್ಟು ಬರೆದಿದೆಯೋ ಅಷ್ಟೇ.

"ಕಾಟಾಕ್ಕೆ ಬಾ ಅಂದ್ರು. ನಾನು ನಿಲ್ಲಿಸದೆ ಬಂದ್ಬಿಟ್ಟೆ. ಏನಾಗುತ್ತೆ?"

40,000 ರೂಪಾಯಿ ದಂಡ. ತೂಕಕ್ಕೆ ಒಪ್ಪದಿದ್ದರೂ ಇದೇ, ಕಾಟಾಕ್ಕೆ ಹೋಗುವ ಮುಂಚೆ ದಾರಿಯಲ್ಲಿ ಲೋಡ್ ಇಳಿಸಿದರೂ ಇದೇ. ಮೇಲಿನ ಲೆಕ್ಕದಲ್ಲಿ ಐದು ಟನ್ ಓವರ್‌ಲೋಡಿಗೆ 30,000 ಬಂತಲ್ಲ? ತಪ್ಪಿಸಿಕೊಂಡು ಓಡುವುದು ಅದಕ್ಕಿಂತ ದುಬಾರಿ.

ನಿಮಗೂ ಇಲ್ಲಿ ಒಂದು ಹಕ್ಕಿದೆ. ಕಾಟಾ ನಿಮ್ಮ ಮುಂದಿನ ದಾರಿಯಿಂದ ಹತ್ತು ಕಿಲೋಮೀಟರ್ ಒಳಗೆ, ಇಲ್ಲವೇ ನೀವು ತಲುಪುವ ಊರಿನಿಂದ ಇಪ್ಪತ್ತು ಕಿಲೋಮೀಟರ್ ಒಳಗೆ ಇರಬೇಕು. ಅದಕ್ಕಿಂತ ದೂರ ಬಾ ಅಂದರೆ, ಮರ್ಯಾದೆಯಿಂದ ಈ ಮಾತು ನೆನಪಿಸಬಹುದು.

"ದಂಡ ಕಟ್ಟಿ ರಸೀದಿ ತಗೊಂಡ ಮೇಲೆ ಅದೇ ಲೋಡಲ್ಲಿ ಹೋಗಬಹುದಲ್ವಾ?"

ಇಲ್ಲ. ನನ್ನ ಹತ್ತಿರ ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಜಾಸ್ತಿ ಇರುವ ಲೋಡ್ ಇಳಿಯುವವರೆಗೂ ಗಾಡಿ ಅಲ್ಲಿಂದ ಅಲುಗಬಾರದು ಅಂತ ಸೆಕ್ಷನ್ 194ರಲ್ಲೇ ಬರೆದಿದೆ. ರಸೀದಿ ಇದ್ದರೂ ಮುಂದಿನ ಚೆಕಿಂಗ್‌ನಲ್ಲಿ ಹೊಸ ಕೇಸು ಹಾಕಬಹುದು.

ಒಂದು ರಾತ್ರಿ ಹಿರಿಯೂರಿನ ಆಚೆ ನಾನೇ ಹಾಗೆ ನಿಂತಿದ್ದೆ. ಈರುಳ್ಳಿ ಲೋಡ್, ಮೂರು ಟನ್ ಜಾಸ್ತಿ. ಆ ಹೊತ್ತಿನಲ್ಲಿ ಹಮಾಲರು ಎಲ್ಲಿ ಸಿಗುತ್ತಾರೆ? ನಾನು, ಕ್ಲೀನರ್ ಹುಡುಗ ಇಬ್ಬರೇ ಅರವತ್ತು ಚೀಲ ಇಳಿಸಿದೆವು. ಒಂದೊಂದು ಐವತ್ತು ಕೆಜಿ. ಟಾರ್ಪಾಲ್ ಹಾಸಿ ಅದರ ಮೇಲೆ ಜೋಡಿಸಿದೆವು. ಹುಡುಗ ಚೀಲಗಳ ಮೇಲೇ ಮಲಗಿ ಕಾವಲು ಕಾದ. ಬೆಳಿಗ್ಗೆ ಇನ್ನೊಂದು ಗಾಡಿ ಬಂದು ಎತ್ತಿಕೊಂಡು ಹೋಗುವಾಗ ಎರಡು ಚೀಲ ಕಮ್ಮಿ ಬಂತು. ಅದನ್ನು ನನ್ನ ಬಾಟಾದಲ್ಲಿ (ದಿನದ ಭತ್ಯೆಯಲ್ಲಿ) ಹಿಡಿದರು. ಇಳಿಸಿದ ಸರಕಿನ ಜವಾಬ್ದಾರಿ ಇಲಾಖೆಯದಲ್ಲ, ಕಾಯ್ದೆ ಅದನ್ನು ಡ್ರೈವರ್ ತಲೆಗೇ ಕಟ್ಟುತ್ತದೆ. ಅದಕ್ಕೇ ಇಳಿಸುವ ಮುಂಚೆ ಫೋಟೊ ತೆಗೆಯಿರಿ, ಚೀಲ ಎಣಿಸಿ, ಓನರಿಗೆ ಕಳಿಸಿ.

ಆ ಬೆಳಿಗ್ಗೆ ಮುಂದೆ ಹೊರಟಾಗ ಮೊದಲ ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟೆ. ಗಾಡಿ ತಕ್ಷಣ ಹಿಡಿಯಿತು. ಹಿಂದಿನ ದಿನ ಅದೇ ಪೆಡಲ್ಲು ಒತ್ತಿದರೆ ಗಾಡಿ ಇನ್ನೂ ಜಾರುತ್ತಿತ್ತು. ಅದು ನನಗೆ ಅಭ್ಯಾಸವಾಗಿಹೋಗಿತ್ತು. ತೂಕ ಜಾಸ್ತಿಯಾದಷ್ಟೂ ಬ್ರೇಕಿನ ಡ್ರಮ್ಮು ಕಾಯುತ್ತದೆ. ಡ್ರಮ್ಮನ್ನು ಒತ್ತಿ ಹಿಡಿಯುವ ಲೈನರ್ ಕಾದರೆ ಹಿಡಿಯುವುದಿಲ್ಲ.

"ಕಬ್ಬಿಣದ ರಾಡು ಹಿಂದಕ್ಕೆ ಸ್ವಲ್ಪ ಚಾಚಿದ್ರೆ? ಕೆಂಪು ಬಟ್ಟೆ ಕಟ್ಟಿರ್ತೀವಿ."

ಕೆಂಪು ಬಟ್ಟೆ ಕಟ್ಟಿದರೂ ತಪ್ಪು ತಪ್ಪೇ. ಸರಕು ಅನುಮತಿ ಮೀರಿ ಬದಿಗೆ, ಹಿಂದೆ, ಮುಂದೆ, ಮೇಲೆ ಎಲ್ಲಿ ಚಾಚಿದರೂ 20,000 ರೂಪಾಯಿ. ಸರಿಮಾಡುವ ತನಕ ಗಾಡಿ ಹೊರಡುವಂತಿಲ್ಲ. ರಾತ್ರಿ ಹಿಂದೆ ಬರುವ ಬೈಕಿನವನಿಗೆ ಆ ಬಟ್ಟೆ ಕಾಣುವುದೇ ಇಲ್ಲ. ಇದರಲ್ಲಿ ವಾದ ಮಾಡುವವರ ಜೊತೆ ನನಗೆ ಸಿಟ್ಟೇ ಬರುತ್ತದೆ.

"ಘಾಟಿಯಲ್ಲಿ ಭಾರಿ ವಾಹನ ಬಂದ್ ಅಂತ ಡಿಸಿ ಆದೇಶ ಮಾಡ್ತಾರೆ. ಅದನ್ನ ಮೀರಿದ್ರೆ ಸುಮ್ನೆ ಸಣ್ಣ ದಂಡ ತಾನೇ?"

ಅಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ. ರಸ್ತೆ, ಸೇತುವೆಯ ಸ್ಥಿತಿ ನೋಡಿ, ಜನರ ಸುರಕ್ಷತೆಗಾಗಿ ಸಂಚಾರ ತಡೆಯುವ ಅಧಿಕಾರ ಸೆಕ್ಷನ್ 115ರಿಂದ ಬರುತ್ತದೆ. ಓವರ್‌ಲೋಡಿನ 20,000 ರೂಪಾಯಿ ದಂಡ ಹೇಳುವ ಸೆಕ್ಷನ್ 194ರ ಮೊದಲ ಸಾಲಿನಲ್ಲೇ 113, 114ರ ಜೊತೆ 115ರ ಹೆಸರೂ ಇದೆ. ಅಂದರೆ ಖಾಲಿ ಲಾರಿಯಲ್ಲಿ ನಿಷೇಧದ ಘಾಟಿ ಹತ್ತಿದರೂ ಆ ಸೆಕ್ಷನ್ ಹಾಕಬಹುದು.

ಆಗುಂಬೆ, ಚಾರ್ಮಾಡಿ, ಶಿರಾಡಿ ಕಡೆ ಮಳೆಗಾಲದಲ್ಲಿ ಇಂಥ ಆದೇಶಗಳು ಬರುತ್ತವೆ. ಒಂದು ತಿಂಗಳೊಳಗಿನ ತಡೆಗೆ ಗೆಜೆಟ್ ಪ್ರಕಟಣೆಯೂ ಬೇಕಿಲ್ಲ. ಹಾಗಾಗಿ ಮಂಗಳೂರಿಗೆ ಲೋಡ್ ಹಿಡಿಯುವ ಮುಂಚೆ ಆ ಕಡೆಯಿಂದ ಬಂದ ಡ್ರೈವರಿಗೆ ಒಂದು ಫೋನ್ ಮಾಡಿ. ಬಂಡೀಪುರದ ರಾತ್ರಿ ಸಂಚಾರ ನಿಷೇಧ ಕಾಡುಪ್ರಾಣಿಗಳ ಸಲುವಾಗಿ ಆದದ್ದು. 2009ರಿಂದ ಇದೆ, ರಾತ್ರಿ 9ರಿಂದ ಬೆಳಿಗ್ಗೆ 6. ಗುಂಡ್ಲುಪೇಟೆ ತಲುಪುವ ಹೊತ್ತನ್ನು ಮೊದಲೇ ಲೆಕ್ಕ ಹಾಕಿ.

## ಡಿಎಲ್, ಗಾಡಿ, ದಂಡದ ಆಚೆ

"ದಂಡ ಕಟ್ಟಿದ್ರೆ ಮುಗೀತಲ್ವಾ? ಡಿಎಲ್‌ಗೆ ಏನೂ ಆಗಲ್ಲ ಅಲ್ವಾ?"

ಮುಗಿಯುವುದಿಲ್ಲ. ದೋಷದ ಗಾಡಿ ಓಡಿಸುವ ಸೆಕ್ಷನ್ 190, ಅಡ್ಡಾದಿಡ್ಡಿ ಓಡಿಸುವ 184, ಕುಡಿದು ಓಡಿಸುವ 185, ಇಂಥವುಗಳಲ್ಲಿ ಪೊಲೀಸರು ಡಿಎಲ್ ತೆಗೆದುಕೊಂಡು ಲೈಸೆನ್ಸ್ ಕೊಟ್ಟ ಪ್ರಾಧಿಕಾರಕ್ಕೆ ಕಳಿಸಬಹುದು. ಅಲ್ಲಿ ನಿಮ್ಮ ಮಾತು ಕೇಳಬೇಕು. ಕೇಳಿದ ಮೇಲೂ ಒಪ್ಪದಿದ್ದರೆ ಮೊದಲ ಸಲ ಮೂರು ತಿಂಗಳು ಡಿಎಲ್ ಇಲ್ಲ. ಎರಡನೇ ಸಲ ಡಿಎಲ್ಲೇ ರದ್ದು. ಮೂರು ತಿಂಗಳು ಮುಗಿದರೂ ಸುಮ್ನೆ ವಾಪಸ್ ಕೊಡುವುದಿಲ್ಲ, ಮರುತರಬೇತಿ ಮುಗಿಸಬೇಕು.

ಸ್ಥಳದಲ್ಲಿ ದಂಡ ಕಟ್ಟಿದರೂ ಈ ಪ್ರಕ್ರಿಯೆ ನಿಲ್ಲುವುದಿಲ್ಲ ಅಂತ ಸೆಕ್ಷನ್ 200 ಹೇಳುತ್ತದೆ. ಕಟ್ಟಿ ಮುಗಿಸಿದ ತಪ್ಪು ಮುಂದಿನ ಸಲಕ್ಕೆ "ಮೊದಲ ತಪ್ಪು" ಅಂತಲೂ ಲೆಕ್ಕಕ್ಕೆ ಬರುತ್ತದೆ. ಓವರ್‌ಲೋಡ್ ಕೂಡ, ಕೈ ತೋರಿಸಿದಾಗ ನಿಲ್ಲಿಸದಿರುವುದು ಕೂಡ, ಡಿಎಲ್ ಕಳೆದುಕೊಳ್ಳುವ ಕಾರಣಗಳ ಪಟ್ಟಿಯಲ್ಲಿವೆ. ಅದು ಕೇಂದ್ರ ಮೋಟಾರು ವಾಹನ ನಿಯಮ 21.

"ಡಿಎಲ್ ಅಮಾನತಲ್ಲಿದೆ. ಊರೊಳಗೆ ಮಾತ್ರ ಓಡಿಸ್ತೀನಿ, ಹೈವೇಗೆ ಹೋಗಲ್ಲ. ಪರವಾಗಿಲ್ವಾ?"

ಇಲ್ಲ, ಊರೊಳಗೂ ಓಡಿಸಬೇಡಿ. ಸೆಕ್ಷನ್ 182. ಮೂರು ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ, ಅಥವಾ ಎರಡೂ. ಆ ಮೂರು ತಿಂಗಳು ಗೋಡೌನಿನಲ್ಲೋ, ಗ್ಯಾರೇಜಿನಲ್ಲೋ ಕೆಲಸ ನೋಡಿ. ಕಷ್ಟ ಅಂತ ನನಗೆ ಗೊತ್ತು.

"ನಾನು ಕ್ಲೀನರ್. ನಿಲ್ಲಿಸಿದ ಗಾಡಿನ ನೆರಳಿಗೆ ಅಂತ ಸ್ವಲ್ಪ ಮುಂದೆ ತೆಗೆದೆ. ಕೇಸಾಗುತ್ತಾ ಅಣ್ಣಾ?"

ಆಗಬಹುದು ತಮ್ಮಾ. ಡಿಎಲ್ ಇಲ್ಲದೆ ಓಡಿಸಿದ್ದಕ್ಕೆ ನಿನಗೆ 5,000 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಗಾಡಿ ಯಾರ ವಶದಲ್ಲಿತ್ತೋ ಅವರು ನಿನಗೆ ಬಿಟ್ಟುಕೊಟ್ಟರೆ ಅವರಿಗೂ ಅಷ್ಟೇ. ಜಾಗ ಬಿಡಬೇಡ ಅಂತ ಆದೇಶ ಇದ್ದರೆ ಅದನ್ನು ಮೀರಿದ ಮಾತೂ ಸೇರಿಕೊಳ್ಳುತ್ತದೆ. ಗಾಡಿ ಅಡ್ಡ ಇದೆ, ತೆಗೆಯಲೇಬೇಕು ಅಂದರೆ ಆದೇಶ ಕೊಟ್ಟವರಿಗೇ ಹೇಳಿ, ಡ್ರೈವರ್ ಕೈಯಲ್ಲೇ ತೆಗೆಸು.

"ಗಾಡಿ ಹಿಡಿದು ನಿಲ್ಲಿಸಿದ್ದಾರೆ. ಬಿಡಿಸ್ಕೊಳ್ಳೋದು ಹೇಗೆ? ಆದೇಶ ತಪ್ಪು ಅನ್ನಿಸಿದ್ರೆ ಎಲ್ಲಿ ಹೋಗಬೇಕು?"

ಸೆಕ್ಷನ್ 207ರಲ್ಲಿ ಹಿಡಿದಿದ್ದರೆ ಓನರ್ ಅಥವಾ ಗಾಡಿಯ ಜವಾಬ್ದಾರಿ ಇರುವವರು ದಾಖಲೆ ಸಮೇತ ಅರ್ಜಿ ಕೊಡಬೇಕು. ದಾಖಲೆ ನೋಡಿ, ಬೇಕಾದರೆ ಷರತ್ತು ಹಾಕಿ ಬಿಡುತ್ತಾರೆ. ಅಪಾಯದ ಗಾಡಿ ಅಂತ ಆರ್‌ಸಿ ಅಮಾನತಾಗಿದ್ದರೆ ರಿಪೇರಿ ಮಾಡಿಸಿ ತೋರಿಸಿ, ಅವರಿಗೆ ತೃಪ್ತಿಯಾಗುವ ತನಕ ಅಮಾನತು ಇರುತ್ತದೆ. ಗ್ಯಾರೇಜಿನ ಬಿಲ್ಲು, ಬದಲಾಯಿಸಿದ ಹಳೇ ಸಾಮಾನು ಎರಡನ್ನೂ ಇಟ್ಟುಕೊಳ್ಳಿ. ಹಳೇ ಲೈನರ್ ತೋರಿಸಿದರೆ ಮಾತು ಬೇಗ ಮುಗಿಯುತ್ತದೆ.

ಆದೇಶ ತಪ್ಪು ಅನ್ನಿಸಿದರೆ ಮೇಲ್ಮನವಿ ಇದೆ. ಆರ್‌ಸಿ ಅಥವಾ ಎಫ್‌ಸಿ ಆದೇಶದ ಮೇಲೆ ಓನರ್ 30 ದಿನದೊಳಗೆ ಹಾಕಬೇಕು. ಡಿಎಲ್ ಆದೇಶದ ಮೇಲೆ ಡ್ರೈವರಿಗೂ 30 ದಿನ. ಆದರೆ ಮೇಲ್ಮನವಿ ಹಾಕಿದ್ದೇನೆ ಅಂತ ಗಾಡಿ ಓಡಿಸಬೇಡಿ. ಆದೇಶಕ್ಕೆ ತಡೆ ಸಿಗುವವರೆಗೂ ಅದು ಜಾರಿಯಲ್ಲೇ ಇರುತ್ತದೆ.

ಮೊಬೈಲಿನಲ್ಲಿ ಸರ್ಕಾರದ ಡಿಜಿಲಾಕರ್, ಎಂಪರಿವಾಹನ್ ಆ್ಯಪ್ ಮೂಲಕ ತೋರಿಸುವ ದಾಖಲೆಗೂ ಮೂಲ ಕಾಗದದಷ್ಟೇ ಬೆಲೆ ಇದೆ. ವಾಟ್ಸಾಪಿನಲ್ಲಿ ಬಂದ ಫೋಟೊಗೆ ಅಲ್ಲ.

"ಬಸ್ಸಲ್ಲಿ ಜನ ಜಾಸ್ತಿ ಆದ್ರೆ? ಹಬ್ಬದ ಟೈಮಲ್ಲಿ ಬೇಡ ಅನ್ನೋಕಾಗಲ್ಲ."

ಜಾಸ್ತಿ ಇರುವ ಪ್ರತಿ ಪ್ರಯಾಣಿಕರಿಗೆ 200 ರೂಪಾಯಿ. ಅವರನ್ನು ಇಳಿಸಿ, ಮುಂದೆ ಹೋಗಲು ಬೇರೆ ವ್ಯವಸ್ಥೆ ಆಗುವ ತನಕ ಬಸ್ಸು ಹೊರಡುವಂತಿಲ್ಲ.

ದುಡ್ಡು ಇಲ್ಲಿ ಕಮ್ಮಿಯೇ. ನನಗೆ ಭಯ ಬೇರೆಯದು. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಹತ್ತಿರ ಹೊತ್ತಿ ಉರಿದು 45 ಜನ ಸತ್ತರು. ಎರಡೇ ವಾರದಲ್ಲಿ ಹಾವೇರಿ ಹತ್ತಿರ ಇನ್ನೊಂದು ಬಸ್ಸಿಗೆ ಬೆಂಕಿ ಬಿತ್ತು. ಬೆಂಕಿ ಬಿದ್ದಾಗ ಇರುವುದು ಕೆಲವೇ ಕ್ಷಣ. ತುರ್ತು ಬಾಗಿಲ ಮುಂದೆ ಪಾರ್ಸೆಲ್ ಡಬ್ಬ ಇಟ್ಟಿದ್ದರೆ, ಸೀಟುಗಳ ನಡುವಿನ ದಾರಿಯಲ್ಲಿ ಸ್ಟೂಲ್ ಹಾಕಿ ಜನ ಕೂರಿಸಿದ್ದರೆ ಆ ಕ್ಷಣಗಳೂ ಹೋಗುತ್ತವೆ. ಆ ಬಾಗಿಲು ತೆರೆಯುತ್ತಾ ಅಂತ ಪ್ರತಿ ಟ್ರಿಪ್ಪಿಗೆ ಮುಂಚೆ ನಿಮ್ಮ ಕೈಯಿಂದಲೇ ಒಮ್ಮೆ ತೆರೆದು ನೋಡಿ.

"ಟ್ಯಾಂಕರ್ ಓಡಿಸೋವ್ರಿಗೆ ಬೇರೆ ಶಿಕ್ಷೆನಾ?"

ಹೌದು, ಜಾಸ್ತಿ. ಅಪಾಯದ ಸರಕಿನ ನಿಯಮ ಮೀರಿದರೆ ಮೊದಲ ಸಲ 10,000 ರೂಪಾಯಿ ದಂಡ ಮತ್ತು ಮೂರು ತಿಂಗಳು ಡಿಎಲ್ ಇಲ್ಲ, ಇಲ್ಲವೇ ಒಂದು ವರ್ಷದವರೆಗೆ ಜೈಲು, ಅಥವಾ ಎರಡೂ. ಎರಡನೇ ಸಲ 20,000 ರೂಪಾಯಿ, ಇಲ್ಲವೇ ಮೂರು ವರ್ಷದವರೆಗೆ ಜೈಲು, ಅಥವಾ ಎರಡೂ. ಡಿಎಲ್‌ನಲ್ಲಿ ಅಪಾಯದ ಸರಕಿನ ಎಂಡಾರ್ಸ್‌ಮೆಂಟ್ (ಅನುಮತಿಯ ನಮೂದು) ಇಲ್ಲದೆ ಟ್ಯಾಂಕರ್ ಮುಟ್ಟಲೇಬೇಡಿ.

## ಓನರ್, ಅಪಘಾತ, ಹೊರದೇಶ

"ಓನರ್ 'ಅಡ್ಜಸ್ಟ್ ಮಾಡ್ಕೊಂಡು ಬಾ' ಅಂದ್ರು. ನಾನು ಓಡಿಸ್ದೆ. ಈಗ ನನ್ನ ಮೇಲೇ ಕೇಸು. ಅವರಿಗೇನೂ ಇಲ್ವಾ?"

ಇದೆ. ಈ ಪುಟ ಬರೆಯಲು ಮುಖ್ಯ ಕಾರಣವೇ ಈ ಪ್ರಶ್ನೆ.

ನಾವು ಈವರೆಗೆ ನೋಡಿದ 190, 192, 194 ಈ ಸೆಕ್ಷನ್‌ಗಳಲ್ಲಿ "ಓಡಿಸುವವರು" ಅಂತ ಮಾತ್ರ ಇಲ್ಲ. "ಓಡಿಸಲು ಕಾರಣರಾದವರು, ಓಡಿಸಲು ಬಿಟ್ಟವರು" ಅಂತಲೂ ಇದೆ. ಓವರ್‌ಲೋಡಿನಲ್ಲಿ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಓಡಿಸಿದವನು ಓನರ್ ಅಲ್ಲದಿದ್ದರೆ, ಓನರಿಗೆ ಗೊತ್ತಿದ್ದೇ ಇಲ್ಲವೇ ಓನರ್ ಹೇಳಿಯೇ ಇದು ನಡೆದಿದೆ ಅಂತ ಕೋರ್ಟು ಭಾವಿಸಬಹುದು. ಅದು ಸೆಕ್ಷನ್ 113ರ ನಾಲ್ಕನೇ ಉಪಕಲಂ. ಡ್ರೈವರುಗಳ ಪರವಾಗಿ ಇಷ್ಟು ನೇರವಾಗಿ ಮಾತಾಡುವ ಸಾಲು ಈ ಕಾಯ್ದೆಯಲ್ಲಿ ಕಮ್ಮಿ. ದುಃಖ ಅಂದರೆ ಹತ್ತರಲ್ಲಿ ಒಂಬತ್ತು ಡ್ರೈವರುಗಳಿಗೆ ಈ ಸಾಲು ಇರುವುದೇ ಗೊತ್ತಿಲ್ಲ.

ಆದರೆ ಸಾಕ್ಷಿ ಬೇಕಲ್ಲ? ಓನರ್ ಫೋನಿನಲ್ಲಿ ಹೇಳುತ್ತಾರೆ, ಕೇಸಾದ ಮೇಲೆ "ನಾನು ಹೇಳೇ ಇಲ್ಲ" ಅನ್ನುತ್ತಾರೆ. ನನಗೂ ಹೀಗೇ ಆಗಿದೆ. ಹಿಂದಿನ ಎಡ ಚಕ್ರದ ಬ್ರೇಕ್ ಹಿಡಿಯುತ್ತಿಲ್ಲ ಅಂತ ಒಬ್ಬ ಓನರಿಗೆ ಮೂರು ಸಲ ಹೇಳಿದೆ. "ಈ ಟ್ರಿಪ್ ಮುಗಿಸಿ ಬಾ" ಅಂದರು. ದಾರಿಯಲ್ಲಿ ಮುಂದಿನ ಟೆಂಪೊಗೆ ಗುದ್ದಿತು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ನಾನು ಹೇಳಿದ್ದಕ್ಕೆ ಒಂದು ಚೂರು ಕಾಗದ ಇರಲಿಲ್ಲ. ದಂಡವೂ ನನ್ನದು, ಟೆಂಪೊ ರಿಪೇರಿಯ ಅರ್ಧ ಖರ್ಚೂ ನನ್ನದು.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ, ಅದನ್ನೇ ಎಲ್ಲರಿಗೂ ಹೇಳುತ್ತೇನೆ. ಗಾಡಿಯಲ್ಲಿ ದೋಷ ಕಂಡರೆ ಫೋನ್ ಮಾಡಿ, ಆಮೇಲೆ ಅದನ್ನೇ ವಾಟ್ಸಾಪಿನಲ್ಲಿ ಬರೆಯಿರಿ. ಉದಾಹರಣೆಗೆ: "ಅಣ್ಣಾ, ಈಗ ಫೋನಲ್ಲಿ ಹೇಳಿದಂತೆ ಹಿಂದಿನ ಎಡ ಬ್ರೇಕ್ ಹಿಡಿಯುತ್ತಿಲ್ಲ. ರಿಪೇರಿ ಮಾಡಿಸಲು ಒಪ್ಪಿಗೆ ಕೊಡಿ." ಜೊತೆಗೆ ಒಂದು ಫೋಟೊ. ಇಲಾಖೆಯವರು ಚೀಟಿ ಕೊಟ್ಟರೆ ಅದರ ಫೋಟೊವನ್ನೂ ಆ ಕ್ಷಣವೇ ಕಳಿಸಿ. ಬೈಗುಳ ಬೇಡ, ಬೆದರಿಕೆ ಬೇಡ. ಒಳ್ಳೇ ಓನರ್ ಆದರೆ ತಕ್ಷಣ ಗ್ಯಾರೇಜಿಗೆ ಕಳಿಸುತ್ತಾರೆ. ಅಂಥವರೂ ಬಹಳ ಜನ ಇದ್ದಾರೆ. ಉತ್ತರ ಬರದಿದ್ದರೂ ಮೆಸೇಜು ನಿಮ್ಮ ಹತ್ತಿರ ಉಳಿಯುತ್ತದೆ, ಅದನ್ನು ಅಳಿಸಬೇಡಿ.

ಹಾಗಂತ ಮೆಸೇಜು ಹಾಕಿ ಅದೇ ಗಾಡಿ ಓಡಿಸಿದರೆ ನೀವು ಪಾರಾಗುವುದಿಲ್ಲ. ದೋಷ ನಿಮಗೆ ಗೊತ್ತಿತ್ತು ಅನ್ನುವುದಕ್ಕೆ ಆಗ ಆ ಮೆಸೇಜೇ ಸಾಕ್ಷಿ. ಹೇಳಿದ ಮೇಲೆ ನಿಲ್ಲಿಸಲೇಬೇಕು.

"ಅಪಘಾತ ಆಗಿ ಯಾರಾದ್ರೂ ಸತ್ರೆ? ಹತ್ತು ವರ್ಷ ಜೈಲು ಅಂತಾರಲ್ಲ?"

ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 106(1), ಐದು ವರ್ಷದವರೆಗೆ ಜೈಲು. ಹತ್ತು ವರ್ಷ ಅನ್ನುವುದು 106(2), ಹೇಳದೆ ಓಡಿಹೋದವರಿಗೆ. 2024ರ ಜನವರಿಯಲ್ಲಿ ದೇಶದ ತುಂಬ ಡ್ರೈವರುಗಳು ಮುಷ್ಕರ ಮಾಡಿದ್ದು ಇದರ ವಿರುದ್ಧವೇ. 2024ರ ಜುಲೈ 1ರಂದು ಹೊಸ ಸಂಹಿತೆ ಜಾರಿಗೆ ಬಂದಾಗ ಡ್ರೈವರುಗಳಿಗೆ ಸಂಬಂಧಿಸಿದ ಆ ಭಾಗವನ್ನು ಬಿಟ್ಟು ಉಳಿದದ್ದನ್ನು ಜಾರಿ ಮಾಡಿದರು.

ನಿಲ್ಲಿಸಿ ಅಂದ ಗಾಡಿಯನ್ನು ಓಡಿಸಿ ಅಪಘಾತವಾದರೆ, ನಿರ್ಲಕ್ಷ್ಯ ಅಂತ ತೋರಿಸಲು ಬೇರೆ ಸಾಕ್ಷಿ ಹುಡುಕಬೇಕಾಗಿಲ್ಲ. ಆ ಆದೇಶವೇ ಸಾಕು.

ಅಪಘಾತವಾದಾಗ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಡ್ರೈವರ್ ಕರ್ತವ್ಯ. ಜನ ಹೊಡೆಯುವ ಪರಿಸ್ಥಿತಿ ಇದ್ದರೆ ಕಾಯ್ದೆಯೇ ಅದಕ್ಕೆ ವಿನಾಯಿತಿ ಕೊಟ್ಟಿದೆ. ಆಗ ಅಲ್ಲಿಂದ ಸೀದಾ ಹತ್ತಿರದ ಸ್ಟೇಷನ್ನಿಗೆ ಹೋಗಿ ಹೇಳಿ. ತಡ ಅಂದರೂ 24 ಗಂಟೆ ಮೀರಬಾರದು.

"ಇನ್ಶೂರೆನ್ಸ್ ಇದ್ರೆ ಪರಿಹಾರ ಅವರೇ ಕೊಡ್ತಾರಲ್ವಾ?"

ಯಾವಾಗಲೂ ಅಲ್ಲ. ಪರ್ಮಿಟ್ ಇಲ್ಲದೆ ಓಡಿಸುವುದು ಪಾಲಿಸಿಯ ಮೂಲ ಷರತ್ತನ್ನೇ ಮುರಿದ ಹಾಗೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಂಪನಿ ಮೊದಲು ಸಂತ್ರಸ್ತರಿಗೆ ಕೊಟ್ಟು, ಆಮೇಲೆ ಓನರಿಂದ ವಸೂಲು ಮಾಡಬಹುದು. ಎಫ್‌ಸಿ ರದ್ದಾದರೆ ಪರ್ಮಿಟ್ಟೂ ಅಮಾನತಾಗುತ್ತದೆ ಅಂತ ಮೇಲೆ ಹೇಳಿದ್ದೆನಲ್ಲ? ಓನರುಗಳು ಈ ಎರಡು ಮಾತನ್ನು ಸೇರಿಸಿ ಓದಿಕೊಳ್ಳಲಿ.

"ನಮ್ಮ ಭಾವಮೈದ ಅಮೆರಿಕದಲ್ಲಿ ಟ್ರಕ್ ಓಡಿಸ್ತಾನೆ. ಅಲ್ಲಿ ಇದಕ್ಕೆ ಡಿಎಲ್ಲೇ ಹೋಗುತ್ತಂತೆ, ನಿಜಾನಾ?"

ನಿಜ. ಅಲ್ಲಿ ತಪಾಸಣೆಯಲ್ಲಿ ಗಾಡಿಯನ್ನಾಗಲಿ ಡ್ರೈವರನ್ನಾಗಲಿ "ಔಟ್ ಆಫ್ ಸರ್ವಿಸ್" ಅಂತ ನಿಲ್ಲಿಸುತ್ತಾರೆ. ಬ್ರೇಕ್ ಕೆಟ್ಟರೆ ಗಾಡಿ ನಿಲ್ಲುತ್ತದೆ, ನಿದ್ದೆಯಿಲ್ಲದೆ ಗಂಟೆ ಮೀರಿ ಓಡಿಸಿದರೆ ಡ್ರೈವರ್ ನಿಲ್ಲಬೇಕು. ಆ ಆದೇಶ ಮೀರಿ ಓಡಿಸಿದ್ದು ಸಾಬೀತಾದರೆ ಮೊದಲ ಸಲ 180 ದಿನದಿಂದ ಒಂದು ವರ್ಷ ಕಮರ್ಷಿಯಲ್ ಲೈಸೆನ್ಸ್ ಇಲ್ಲ. ಹತ್ತು ವರ್ಷದೊಳಗೆ ಎರಡನೇ ಸಲ ಆದರೆ ಎರಡರಿಂದ ಐದು ವರ್ಷ. ಮೂರನೇ ಸಲ ಮೂರರಿಂದ ಐದು ವರ್ಷ. ದೊಡ್ಡ ಮೊತ್ತದ ದಂಡ ಬೇರೆ, ಗೊತ್ತಿದ್ದೂ ಓಡಿಸಿದ ಕಂಪನಿಗೂ ದಂಡ.

ಡ್ರೈವರಿಗೆ ನಿದ್ದೆ ಬಂದಿದೆ ಅಂತ ಗಾಡಿ ನಿಲ್ಲಿಸುವ ಆ ಪದ್ಧತಿ ನಮ್ಮಲ್ಲೂ ಬರಬೇಕು ಅಂತ ನನ್ನ ಆಸೆ.

## ಮನೆಯವರು ಕೇಳಿದ್ದು

"ನಮ್ಮ ಯಜಮಾನರು ಹೊಸ ಓನರ್ ಹತ್ರ ಸೇರಿದ್ದಾರೆ. ಗಾಡಿ ಪೇಪರ್ ಸರಿ ಇದೆಯಾ ಅಂತ ಮನೇಲಿ ಕೂತು ನಾನು ನೋಡಬಹುದಾ?"

ನೋಡಬಹುದಮ್ಮಾ. ಕಾಗದ ಬರೆದು ಇದನ್ನು ಕೇಳಿದ್ದೀರಿ, ಬಹಳ ಸಂತೋಷವಾಯಿತು. ಮೊಬೈಲಿಗೆ ಎಂಪರಿವಾಹನ್ ಆ್ಯಪ್ ಹಾಕಿಕೊಳ್ಳಿ. ಲಾರಿಯ ನಂಬರ್ ಟೈಪ್ ಮಾಡಿ. ಎಫ್‌ಸಿ ಯಾವ ತಾರೀಕಿನವರೆಗೆ, ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ, ಹೊಗೆ ತಪಾಸಣೆ ಆಗಿದೆಯಾ, ಎಲ್ಲ ಅಲ್ಲೇ ಕಾಣುತ್ತದೆ. ಆ ತಾರೀಕುಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಮುಗಿಯಲು ಹದಿನೈದು ದಿನ ಇರುವಾಗ ಯಜಮಾನರಿಗೆ ನೆನಪು ಮಾಡಿ, ಅವರು ಓನರಿಗೆ ಹೇಳಲಿ. ಗಾಡಿ ಬದಲಾದರೆ ಹೊಸ ನಂಬರ್ ಕೇಳಿ ತೆಗೆದುಕೊಳ್ಳಿ.